ಹನ್ನೊಂದನೆಯ ಪೆಟ್ಟಿಗೆಯ ಏಳು ಹೆಸರು

ನಮ್ಮ ಕಿರ್ಗಿಜ್ ಬೆಟ್ಟನಾಡಿನ ತೋರ್-ಬುಲಾಕ್ ಊರಿನಿಂದ ಹಿಮದ ಕೆರೆಯವರೆಗೆ, ಚೋಲೋಕ್-ಸೂ ಹೊಳೆಯ ದಂಡೆಯುದ್ದಕ್ಕೂ, ನೀರನ್ನು ಕಾಯುವ ಹನ್ನೊಂದು ಪೆಟ್ಟಿಗೆಗಳಿವೆ. ನಾನು ಈ ಊರಿನಲ್ಲಿ ಸತ್ತವರಿಗಾಗಿ ಕುರಾನ್ ಓದುವವನು. ಹೆಸರು ಜಪಾರ್. ಕುದುರೆ ಸಾಕಿಕೊಂಡಿದ್ದೇನೆ. ಆ ಪೆಟ್ಟಿಗೆಗಳ ಬಳಿ ಕೆಲಸವಿರುವವರನ್ನು ಇಪ್ಪತ್ತು ವರ್ಷಗಳಿಂದ ಮೇಲಕ್ಕೆ ಕರೆದೊಯ್ದು ಕೆಳಕ್ಕೆ ಕರೆತಂದಿದ್ದೇನೆ. ಯಂತ್ರದ ವಿದ್ಯೆ ನನಗೆ ತಿಳಿಯದು. ಆದರೂ ಈ ಕಥೆಯನ್ನು ನಾನೇ ಹೇಳಬೇಕು, ಏಕೆಂದರೆ ಇದರಲ್ಲಿರುವ ತಪ್ಪು ನನ್ನದು.

ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದವನು ನನ್ನ ಭಾವ ಸಬಿರ್ಕುಲ್. ನನ್ನ ಅಕ್ಕ ಕಾಲಿಚಾಳ ಗಂಡ. ಒಂದೊಂದು ಪೆಟ್ಟಿಗೆಯ ಒಳಗೂ ಅಂಗೈಯಷ್ಟು ದೊಡ್ಡ ಕಂಪ್ಯೂಟರ್, ಒಂದು ಬ್ಯಾಟರಿ; ತಲೆಯ ಮೇಲೆ ಬಿಸಿಲು ಕುಡಿಯುವ ಹಲಗೆ. ಪ್ರತಿ ನೆರೆಯ ನಂತರ ಯಾವುದಾದರೊಂದು ದೇಶದವರಿಗೆ ನಮ್ಮ ಮೇಲೆ ಕನಿಕರ ಬರುತ್ತಿತ್ತು. ಒಂದು ವರ್ಷ ಜರ್ಮನಿಯವರು, ಒಂದು ವರ್ಷ ಜಪಾನಿನವರು, ಇನ್ನೊಂದು ವರ್ಷ ಚೀನಾದವರು ಒಂದೋ ಎರಡೋ ಪೆಟ್ಟಿಗೆ ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಹೀಗಾಗಿ ಒಂದರಂತೆ ಇನ್ನೊಂದಿರಲಿಲ್ಲ. ಕೆಲಸ ಮಾಡುವುದರಲ್ಲಿ ಅವುಗಳಿಗೆ ಅಂಥ ಭೇದವೇನೂ ಇಲ್ಲ, ಭೇದವಿರುವುದು ನಿದ್ದೆಯಿಂದ ಏಳುವುದರಲ್ಲಿ ಎಂದು ಭಾವ ಹೇಳುತ್ತಿದ್ದ.

"ನೀನು ಬೆಳಿಗ್ಗೆ ಎದ್ದಾಗ ಮೊದ್ಲು ಏನ್ ಮಾಡ್ತೀಯಾ?" ಎಂದು ಒಮ್ಮೆ ಕೇಳಿದ.

"ಬಿಸ್ಮಿಲ್ಲಾ ಅಂತೀನಿ."

"ಸುಳ್ಳು ಹೇಳ್ಬೇಡ. ಮೊದ್ಲು ಎಲ್ಲಿದೀನಿ ಅಂತ ನೋಡ್ಕೋತೀಯಾ. ಆಮೇಲೆ ಕೈಕಾಲು ಇದ್ಯಾ ಅಂತ ಆಡಿಸ್ತೀಯಾ. ಆಮೇಲೆ ನಿನ್ ಹೆಸ್ರು ನೆನಪಾಗತ್ತೆ. ಬಿಸ್ಮಿಲ್ಲಾ ಬರೋದು ನಾಲ್ಕನೇದು. ಈ ಪೆಟ್ಟಿಗೆಗಳೂ ಅಷ್ಟೇ. ಆದ್ರೆ ಒಂದು ಕೈಕಾಲು ಮೊದ್ಲು ನೋಡತ್ತೆ, ಇನ್ನೊಂದು ಹೆಸ್ರು ಮೊದ್ಲು ಹುಡುಕತ್ತೆ. ನಾಲ್ಕನೇದಂತೂ ಗುಂಡಿ ಒತ್ತಿ ಗದರಿಸಿದ್ರೇನೇ ಏಳೋದು, ನಿನ್ ಹಾಗೇ."

ಹೆಂಡತಿಯ ತಮ್ಮನನ್ನು ಕೆಣಕುವುದು ಭಾವನ ಹಕ್ಕು. ತಿರುಗಿ ಕೆಣಕುವುದು ನನ್ನದು. ನಾವಿಬ್ಬರೂ ಆ ಹಕ್ಕನ್ನು ಒಂದು ದಿನವೂ ಬಿಟ್ಟುಕೊಟ್ಟವರಲ್ಲ.

ಬೇಸಿಗೆಯಲ್ಲಿ ಅಕ್ಕ ಹೊಳೆಯ ತಿರುವಿನ ಹುಲ್ಲುಗಾವಲಿನಲ್ಲಿ ಕಂಬಳಿ ಗುಡಾರ ಹಾಕಿಕೊಂಡು, ಹೆಣ್ಣು ಕುದುರೆಗಳ ಹಾಲು ಕರೆದು, ಹುಳಿಸಿ, ಕುಮಿಸ್ ಮಾಡುತ್ತಿದ್ದಳು. ಚರ್ಮದ ಚೀಲದಲ್ಲಿ ಹಾಲು ಕಡೆಯುತ್ತ ಹೋಗಿಬರುವವರಿಗೆಲ್ಲ ಗಂಡನ ಮೇಲೆ ದೂರು ಹೇಳುತ್ತಿದ್ದಳು.

"ಹನ್ನೊಂದು ಜನ ಸವತಿಯರು ನಂಗೆ. ಒಬ್ಬಳು ಜರ್ಮನ್, ಒಬ್ಬಳು ಜಪಾನಿ, ಇಬ್ರು ಚೀನಾದೋರು. ಅವ್ರ ಮೈ ಬೆಚ್ಚಗಿದ್ಯಾ ಅಂತ ನೋಡೋಕೆ ಗುಡ್ಡ ಹತ್ತಿ ಹೋಗ್ತಾನೆ. ನಂಗೆ ಜ್ವರ ಬಂದ್ರೆ ಬಾಗ್ಲಲ್ಲೇ ನಿಂತು ಕೇಳ್ತಾನೆ."

"ನಿಂಗೆ ಬಾಯಿ ಇದೆ ಕಣೇ, ಹೇಳ್ತೀಯಾ. ಅವಕ್ಕಿಲ್ಲ," ಎನ್ನುತ್ತಿದ್ದ ಭಾವ.

"ಇದ್ದಿದ್ರೆ ನಿನ್ನ ಬಯ್ಯೋಕೆ ನಂಗೆ ಹನ್ನೊಂದು ಜನ ಜೊತೆ ಸಿಗ್ತಿದ್ರು."

ಎಲ್ಲಕ್ಕಿಂತ ಮೇಲಿನದು ಹನ್ನೊಂದನೆಯ ಪೆಟ್ಟಿಗೆ. ಅದು ಕೆರೆಯ ಅಂಚಿನಲ್ಲಿ, ಮಂಜುಗಡ್ಡೆಯ ಕಟ್ಟೆಯ ಪಕ್ಕದಲ್ಲೇ ಇದೆ. ಕೆರೆಯ ನೀರು ಥಟ್ಟನೆ ಏರಿದರೂ ಇಳಿದರೂ ಅದೊಂದೇ ಕೆಳಗಿನ ತಿರುವಿನ ಕಂಬದಲ್ಲಿರುವ ಸೈರನ್ ಕೂಗಿಸುತ್ತದೆ. ಸೈರನ್ ಕೂಗಿದ ಮೇಲೆ ನೀರು ತಿರುವಿಗೆ ಬರಲು ಇಪ್ಪತ್ತು ನಿಮಿಷ ಬೇಕು. ಅಕ್ಕನ ಗುಡಾರದಿಂದ ಮೇಲಿನ ಬಂಡೆಗೆ ಮುದುಕರ ನಡಿಗೆಯಲ್ಲಿ ಹತ್ತು ನಿಮಿಷ. ಆ ತಿರುವಿನಲ್ಲಿ ಅಕ್ಕ ಹತ್ತು ಬೇಸಿಗೆ ನಿಶ್ಚಿಂತೆಯಿಂದ ಮಲಗಿದ್ದು ಆ ಇಪ್ಪತ್ತು ನಿಮಿಷವನ್ನು ನಂಬಿ.

ಒಂದು ಮಾಗಿಯಲ್ಲಿ ಭಾವ ತೀರಿಕೊಂಡ. ಎದೆ ಹಿಡಿದುಕೊಂಡು ಕುಳಿತವನು ಚಹದ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟ, ಚೆಲ್ಲಲಿಲ್ಲ. ಅಷ್ಟೇ. ಅವನ ಮಣ್ಣಿಗೆ ನಾನೇ ಓದಿದೆ.

ಅವನು ಹೋದ ಮೇಲೆ, ಒಂದೇ ತಲೆಯಲ್ಲಿ ಹನ್ನೊಂದು ಬಗೆಯ ಎಬ್ಬಿಸುವಿಕೆ ಇತ್ತೆಂಬುದು ಊರಿಗೆ ತಿಳಿಯಿತು. ಆ ಚಳಿಗಾಲ ಐದನೆಯ ಪೆಟ್ಟಿಗೆ ಮಲಗಿದ್ದು ಏಳಲೇ ಇಲ್ಲ. ಜಿಲ್ಲೆಯಿಂದ ಒಬ್ಬ ಬಂದು ನೋಡಿದ, ಇನ್ನೊಬ್ಬ ಬಂದು ನೋಡಿದ. "ಇದರ ಯಜಮಾನ ಯಾರು?" ಎಂದರು. ಗೋರಿ ತೋರಿಸಿದೆವು. ವಸಂತದಲ್ಲಿ ಐದನೆಯ ಪೆಟ್ಟಿಗೆಯ ಎದುರಿಗಿದ್ದ ಸೇತುವೆ ಯಾರಿಗೂ ಗೊತ್ತಾಗದಂತೆ ಕೊಚ್ಚಿಹೋಯಿತು.

ಆಗ ಬಂದಳು ಬುರುಲ್ಚಾ, ಭಾವನ ಒಬ್ಬಳೇ ಮಗಳು. ಬಿಷ್ಕೆಕ್‌ನಲ್ಲಿ ಅಪ್ಪನ ವಿದ್ಯೆಯನ್ನೇ ಓದಿ, ಕಣಿವೆಗಳ ಪೆಟ್ಟಿಗೆ ನೋಡಿಕೊಳ್ಳುವ ಕೆಲಸ ಹಿಡಿದಿದ್ದಳು. ತಾಯಿಯ ತಮ್ಮನನ್ನು ನಮ್ಮಲ್ಲಿ ತಾಯಕೆ ಎನ್ನುತ್ತಾರೆ. ಅಕ್ಕನ ಮಕ್ಕಳು ಕೇಳಿದ್ದನ್ನು ತಾಯಕೆಯಾದವನು ಇಲ್ಲವೆನ್ನುವಂತಿಲ್ಲ. ಲಾಯದಲ್ಲಿರುವ ಒಳ್ಳೆಯ ಕುದುರೆಯನ್ನು ಕೇಳಿದರೂ ಬಿಚ್ಚಿ ಕೊಡಬೇಕು.

"ತಾಯಕೆ, ಕುದುರೆ ಬೇಕು," ಎಂದಳು ಬಂದವಳೇ.

"ಎಷ್ಟು ದಿನಕ್ಕೆ?"

"ಬೇಸಿಗೆ ಪೂರ್ತಿ. ನೀವೂ ಬೇಕು."

"ಕುದುರೆ ಕೇಳೋದು ನಿನ್ನ ಹಕ್ಕು. ನನ್ನ ಕೇಳೋಕೆ ನಿನ್ ಅತ್ತೆ ಸೇಯಿಲ್‌ನ ಕೇಳ್ಬೇಕು."

"ಅವ್ರನ್ನ ಕೇಳಾಯ್ತು. ಕರ್ಕೊಂಡು ಹೋಗು, ಬೇಗ ವಾಪಸ್ ತರ್ಬೇಡ ಅಂದ್ರು."

ಅವಳು ಮಾಡಹೊರಟಿದ್ದು ಒಳ್ಳೆಯ ಕೆಲಸ. ಇದನ್ನು ನಾನು ಇವತ್ತಿಗೂ ಹೇಳುತ್ತೇನೆ. ಹನ್ನೊಂದು ಪೆಟ್ಟಿಗೆಗಳೂ ಒಂದೇ ಬಗೆಯಲ್ಲಿ ಏಳಬೇಕು. ಹೇಗೆಂಬುದು ಒಂದು ಹಾಳೆಯಲ್ಲಿ ಬರೆದಿರಬೇಕು. ಆ ಹಾಳೆಯನ್ನು ಓದಬಲ್ಲ ಯಾರು ಬಂದರೂ, ಯಾವ ದೇಶದ ಪೆಟ್ಟಿಗೆಯಾದರೂ, ಎಬ್ಬಿಸುವಂತಿರಬೇಕು. ಮೊದಲು ಒಂದು ಪುಟ್ಟ ಪ್ರೋಗ್ರಾಂ ಏಳುತ್ತದೆ. ತನ್ನ ಪೆಟ್ಟಿಗೆಯಲ್ಲಿ ಯಾವ ಯಾವ ಅಂಗಗಳಿವೆ ಎಂಬ ಪಟ್ಟಿ ಓದುತ್ತದೆ. ಒಬ್ಬೊಬ್ಬರನ್ನೂ ಒಂದು ಸಲ ಕೂಗುತ್ತದೆ. ಆಮೇಲೆ ದೊಡ್ಡ ಪ್ರೋಗ್ರಾಮನ್ನು ಎಬ್ಬಿಸಿ, ಮನೆಯ ಬೀಗದ ಕೈ ಒಪ್ಪಿಸಿ ತಾನು ಪಕ್ಕಕ್ಕೆ ಸರಿಯುತ್ತದೆ. ಐದನೆಯ ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗೆ ಒಂದು ತಂತಿಯನ್ನು ಇಲಿ ಕಡಿದಿತ್ತು. ಆ ತಂತಿಯ ತುದಿಯಲ್ಲಿದ್ದ ಅಂಗ ಓಗೊಡಲಿಲ್ಲವೆಂದು ಪೆಟ್ಟಿಗೆ ಚಳಿಗಾಲವಿಡೀ ಅದಕ್ಕಾಗಿ ಕಾಯುತ್ತ ಕುಳಿತಿತ್ತು. ಅದನ್ನು ಕಂಡ ಬುರುಲ್ಚಾ ಹಾಳೆಯಲ್ಲಿ ಇನ್ನೊಂದು ಸಾಲು ಬರೆದಳು: ಓಗೊಡದವರಿಗಾಗಿ ಕಾಯಬಾರದು, ಇದ್ದವರೊಂದಿಗೆ ಮುಂದೆ ಹೋಗಬೇಕು.

"ಕಠಿಣ ಆಯ್ತಲ್ಲಮ್ಮ," ಎಂದೆ.

"ಒಬ್ರಿಗೋಸ್ಕರ ಎಲ್ರೂ ಸಾಯ್ಬೇಕಾ, ತಾಯಕೆ?"

ನಾನು ಮುಂದಿನ ಪೆಟ್ಟಿಗೆಯ ಕಡೆ ಕುದುರೆ ತಿರುಗಿಸಿದೆ.

ಜೂನ್ ಪೂರ್ತಿ, ಜುಲೈ ಅರ್ಧ, ಹತ್ತು ಪೆಟ್ಟಿಗೆಗಳನ್ನು ಮುಗಿಸಿದೆವು. ಸಂಜೆ ಅಕ್ಕನ ಗುಡಾರಕ್ಕೆ ಇಳಿದು ಬರುತ್ತಿದ್ದೆವು. ಅವಳು ಬಿಸಿ ಎಣ್ಣೆಯಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು ಮುಂದೆ ಸುರಿಯುತ್ತಿದ್ದಳು.

"ಇವತ್ತು ಯಾರನ್ನ ಸುಧಾರಿಸಿದ್ರಿ?"

"ಜಪಾನಿನೋಳನ್ನ," ಎಂದಳು ಮಗಳು, ಬಾಯಲ್ಲಿ ತುತ್ತಿಟ್ಟುಕೊಂಡೇ.

"ನಿಮ್ಮಪ್ಪನ ಕೈಗೆ ಸಿಕ್ಕಿ ಸೊಕ್ಕಿದ್ಲು ಅವ್ಳು. ಇನ್ನು ಹನ್ನೊಂದು ಜನಾನೂ ಒಂದೇ ಹೊತ್ತಿಗೆ ಏಳ್ತಾರೆ, ಒಂದೇ ಥರ ಮಾತಾಡ್ತಾರೆ ಅನ್ನು."

"ಹೂಂ, ಅಮ್ಮ."

"ಪಾಪ, ಇನ್ನು ಅವ್ನು ಬಂದ್ರೂ ಯಾರು ಯಾರು ಅಂತ ಗುರುತೇ ಹಿಡಿಯಲ್ಲ." ಹಾಗೆಂದು ನಕ್ಕವಳು ಬಾಣಲೆಯ ಕಡೆಗೆ ತಿರುಗಿಕೊಂಡಳು. ನಾವು ತಲೆ ತಗ್ಗಿಸಿ ಚಹ ಕುಡಿದೆವು.

ಹನ್ನೊಂದನೆಯದಕ್ಕೆ ಹೋದದ್ದು ಜುಲೈ ಕೊನೆಯಲ್ಲಿ. ಮುಂಜಾವಿಗೆ ಹೊರಟರೆ ಕೆರೆ ತಲುಪುವಷ್ಟರಲ್ಲಿ ನಡುಮಧ್ಯಾಹ್ನ. ಬುರುಲ್ಚಾ ಬಂಡೆಯ ಮೇಲೆ ಕುಳಿತು ತನ್ನ ಕಂಪ್ಯೂಟರಿನಿಂದ ಪೆಟ್ಟಿಗೆಗೆ ತಂತಿ ಎಳೆದು, ಅದನ್ನು ಒಮ್ಮೆ ಮಲಗಿಸಿ ಎಬ್ಬಿಸಿದಳು. ಅವಳ ಕೈ ಹಾಗೇ ನಿಂತಿತು.

"ತಾಯಕೆ, ಇಲ್ಲಿ ಬನ್ನಿ."

ಪರದೆಯ ಮೇಲೆ ಒಂದೊಂದಾಗಿ, ಉಸಿರಿಗೊಂದರಂತೆ, ಹೆಸರುಗಳು ಮೂಡುತ್ತಿದ್ದವು. ಇಸಾಬೆಕ್. ಜಾಂತಾಯ್. ಮುರಾತಾಲಿ. ಬೋರುಬಾಯ್. ಚೋಮೋಯ್. ತಿಲೆಕ್. ಕರಾಗುಲ್. ಏಳನೆಯದು ಮುಗಿದ ಮೇಲೆ ಪೆಟ್ಟಿಗೆ ತನ್ನ ಅಂಗಗಳನ್ನು ಕೂಗಿ ಕೆಲಸ ಶುರುಮಾಡಿತು.

ಭಾವನ ಏಳು ಪಿತೃಗಳು. ಅವನ ತಂದೆ, ತಂದೆಯ ತಂದೆ, ಹಾಗೆ ಏಳು ತಲೆ ಮೇಲಕ್ಕೆ. ಮಾತು ಬಂದ ಮಗುವಿಗೆ ನಾವು ಮೊದಲು ಕಲಿಸುವುದೇ ಅದು. ಏಳು ಹೆಸರು ಬಾರದವನನ್ನು ಅನಾಥನೆನ್ನುತ್ತೇವೆ.

ಬುರುಲ್ಚಾಳ ಕಣ್ಣು ತುಂಬಿತ್ತು. "ಅಪ್ಪ ನೋಡಿ. ಬೇರೆ ಯಾವುದ್ರಲ್ಲೂ ಇಲ್ಲ. ಇದೊಂದ್ರಲ್ಲೇ ಇಟ್ಟಿದಾರೆ. ಇದನ್ನೇನ್ ಮಾಡ್ಲಿ?"

"ಅಂದ್ರೆ?"

"ಹಾಳೆಯಲ್ಲಿ ಇಂಥದ್ದಕ್ಕೆ ಜಾಗ ಇಲ್ಲ. ಎಲ್ಲಾ ಒಂದೇ ಥರ ಏಳ್ಬೇಕು ಅಂತ ಹತ್ರಲ್ಲಿ ಮಾಡಿ, ಹನ್ನೊಂದನೇದ್ರಲ್ಲಿ ನಮ್ಮಪ್ಪನ ಹೆಸ್ರುಗಳನ್ನ ಬಿಟ್ರೆ ನಾಳೆ ಬರೋರು ಏನಂತಾರೆ? ಆದ್ರೆ ಕೈ ಬರ್ತಿಲ್ಲ. ಅಪ್ಪ ಯಾಕೆ ಇಟ್ರು ಅಂತ ನಿಮ್ಗೇನಾದ್ರೂ ಹೇಳಿದ್ರಾ? ಈ ಪೆಟ್ಟಿಗೆ ಇಲ್ಲಿ ನಿಲ್ಸಿದಾಗ ನೀವಿದ್ರಲ್ಲ."

ನಾನಿದ್ದೆ. ಹತ್ತು ವರ್ಷದ ಹಿಂದೆ, ಅಕ್ಟೋಬರಿನಲ್ಲಿ. ಅಂದು ಭಾವ ಏನೋ ಹೇಳಿದ್ದ. ಆದರೆ ಅವಳು ಕೇಳಿದ ಆ ಗಳಿಗೆಯಲ್ಲಿ ನನ್ನ ನೆನಪಿಗೆ ಬಂದದ್ದು ಅವನ ಮಾತಲ್ಲ, ಅಂದು ನನಗೆ ಬಂದಿದ್ದ ಸಿಟ್ಟು. ಸತ್ತವರ ಹೆಸರನ್ನು ಹೀಗೆ ಕಬ್ಬಿಣದ ಪೆಟ್ಟಿಗೆಯ ಬಾಯಲ್ಲಿ ಹಾಕಿದ್ದು ನನಗೆ ಸೇರಿರಲಿಲ್ಲ. ಆ ಸಿಟ್ಟೇ ಈಗ ಭಕ್ತಿಯ ವೇಷದಲ್ಲಿ ಮಾತಾಡಿತು.

"ಪ್ರೀತಿಗೆ ಇಟ್ಟಿರ್ತಾನೆ," ಎಂದೆ. "ಪೂರ್ವಿಕರು ಕೆರೆ ಕಾಯ್ಲಿ ಅಂತ. ಆದ್ರೆ ಕೇಳ್ತೀಯಾ ಅಂತ ಹೇಳ್ತೀನಿ. ಕಾಯೋನು ದೇವ್ರು, ಸತ್ತೋರಲ್ಲ. ಸತ್ತೋರ ಹೆಸ್ರು ದುವಾದಲ್ಲಿರ್ಬೇಕು, ಕಬ್ಬಿಣದಲ್ಲಲ್ಲ. ತೆಗಿ. ಗುರುವಾರ ಅವ್ರ ಹೆಸ್ರಲ್ಲಿ ಏಳು ರೊಟ್ಟಿ ಕರಿಸ್ತೀನಿ, ನಾನೇ ಓದ್ತೀನಿ."

ಅವಳು ಬಿಸ್ಮಿಲ್ಲಾ ಎಂದು ಏಳು ಸಾಲು ಅಳಿಸಿದಳು. ಪೆಟ್ಟಿಗೆಯನ್ನು ಮಲಗಿಸಿ ಎಬ್ಬಿಸಿದಳು, ಮೂರು ಸಲ. ಮೂರು ಸಲವೂ ಅದು ಉಳಿದ ಹತ್ತರಂತೆಯೇ ಎದ್ದು, ಎಲ್ಲ ಅಂಗಗಳನ್ನೂ ಕೂಗಿ, ಕೆರೆಯ ಎತ್ತರ ಸರಿಯಾಗಿ ಹೇಳಿತು. ಬಂಡೆ ಕೈಯಿಡಲಾಗದಷ್ಟು ಬಿಸಿಯಾಗಿದ್ದ ಮಧ್ಯಾಹ್ನ ಅದು.

ಗುರುವಾರ ಏಳು ರೊಟ್ಟಿ ಕರಿಸಿದೆ. ಓದಿದೆ. ಎಣ್ಣೆಯ ಪರಿಮಳ ಸತ್ತವರನ್ನು ಮುಟ್ಟುತ್ತದೆ ಎನ್ನುತ್ತಾರೆ ನಮ್ಮ ಹೆಂಗಸರು. ಅಂದು ನನ್ನ ಮನಸ್ಸು ಹಗುರಾಗಿತ್ತು.

ಆಗಸ್ಟ್ ಕೊನೆಯಲ್ಲಿ ಮೂರು ದಿನ ಮೋಡ ಕವಿಯಿತು. ಬಿಸಿಲಿಲ್ಲದೆ ಕೆರೆಯ ಪೆಟ್ಟಿಗೆಯ ಬ್ಯಾಟರಿ ಇಳಿದು ಅದು ಮಲಗಿತು. ಇದು ಹೊಸದೇನಲ್ಲ, ಬಿಸಿಲು ಬಂದರೆ ತಾನೇ ಏಳುತ್ತದೆ. ನಾಲ್ಕನೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಬೆಳಗಿನ ಮೊದಲ ಬಿಸಿಲಿಗೆ ಪೆಟ್ಟಿಗೆ ಎದ್ದಿತು. ಊರಿನ ಕಚೇರಿಯ ಪರದೆಯಲ್ಲಿ ಹನ್ನೊಂದು ಹಸಿರು ದೀಪಗಳೂ ಉರಿದವು. ಬುರುಲ್ಚಾ ಅದನ್ನು ನೋಡಿ, ಸಮಾಧಾನದಿಂದ ಪಕ್ಕದ ಕಣಿವೆಯ ಕೆಲಸಕ್ಕೆ ಹೋದಳು.

ಅಂದು ಸೆಕೆ ಬಹಳವಿತ್ತು. ಮಧ್ಯಾಹ್ನದ ನಮಾಜು ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದೆ. ಹೊಳೆಯ ಸದ್ದು ಬದಲಾಯಿತು. ಹೊಳೆಯ ಸದ್ದಿನ ಜೊತೆ ಹುಟ್ಟಿ ಬೆಳೆದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ತಿರುವಿನ ಕಂಬದ ಕಡೆ ಕಿವಿಯಿಟ್ಟೆ. ಸೈರನ್ ಕೂಗಲಿಲ್ಲ. ಕೂಗಲಿಲ್ಲವೆಂದ ಮೇಲೆ ನನ್ನ ಕಿವಿಯೇ ತಪ್ಪಿರಬೇಕು ಎಂದುಕೊಂಡು, ಮೆಟ್ಟಿಲ ಮೇಲೆ ಒಂದಿಷ್ಟು ಹೊತ್ತು ಸುಮ್ಮನೆ ನಿಂತಿದ್ದೆ.

ಮೇಲೆ ಮಂಜುಗಡ್ಡೆಯ ಕಟ್ಟೆ ಒಡೆದಿತ್ತು. ಊರು ದಿಬ್ಬದ ಮೇಲಿದೆ, ಉಳಿಯಿತು. ತಿರುವು ಉಳಿಯಲಿಲ್ಲ. ಎದುರು ಗುಡ್ಡದಲ್ಲಿದ್ದ ಕುರಿಗಾಹಿಗಳು ಕಂಡದ್ದನ್ನು ಹೇಳಿದರು. ಅಕ್ಕ ನೀರು ಬರುವುದನ್ನು ನೋಡಿದಳಂತೆ. ಬಂಡೆಯ ಕಡೆ ನಾಲ್ಕು ಹೆಜ್ಜೆ ಓಡಿದಳಂತೆ. ಕುದುರೆಮರಿಗಳನ್ನು ಸಾಲುಹಗ್ಗಕ್ಕೆ ಕಟ್ಟಿತ್ತು. ಅವಳು ನಿಂತು, ತಿರುಗಿ, ಚಾಕುವಿನಿಂದ ಹಗ್ಗ ಕುಯ್ಯತೊಡಗಿದಳಂತೆ. ಆರು ಮರಿಗಳೂ ತಾಯಂದಿರ ಹಿಂದೆ ಬಂಡೆ ಹತ್ತಿದವು. ಅಕ್ಕ ಎರಡು ದಿನದ ಮೇಲೆ, ಎರಡು ತಿರುವಿನ ಕೆಳಗೆ, ಮರಳಿನ ಮೇಲೆ ಸಿಕ್ಕಳು. ಇಪ್ಪತ್ತು ನಿಮಿಷ ಸಿಕ್ಕಿದ್ದರೆ ಮರಿಗಳನ್ನೂ ಬಿಚ್ಚಿ, ಕುಮಿಸ್ ಚೀಲವನ್ನೂ ಹೊತ್ತು, ಗಂಡನನ್ನೂ ಬಯ್ಯುತ್ತ ಮೇಲೆ ಹೋಗಿರುತ್ತಿದ್ದಳು.

ಸಾವಿನ ಗುಡಾರದಲ್ಲಿ ಮಗಳು ಗೋಡೆಯ ಕಡೆ ಮುಖಮಾಡಿ ಕುಳಿತು, ಬಂದವರಿಗೆಲ್ಲ ಕೇಳುವಂತೆ ತಾಯಿಯನ್ನು ಹಾಡಿ ಅಳಬೇಕು. ಅದು ನಮ್ಮಲ್ಲಿ ಹೆಣ್ಣುಮಕ್ಕಳ ಕರ್ತವ್ಯ. ಬುರುಲ್ಚಾ ಗೋಡೆಯ ಕಡೆ ಮುಖಮಾಡಿ ಕುಳಿತಳು. ಬಾಯಿ ತೆರೆಯಲಿಲ್ಲ. ಮೂರು ದಿನವೂ ತೆರೆಯಲಿಲ್ಲ.

"ಓದಿದ ಹುಡುಗಿ, ಅಳೋಕೂ ಬರಲ್ಲ," ಎಂದು ಹೊರಗೆ ಯಾವಳೋ ಪಿಸುಗುಟ್ಟಿದಳು.

"ಬಾಯ್ಮುಚ್ಕೊಂಡು ಈರುಳ್ಳಿ ಹೆಚ್ಚು," ಎಂದಳು ನನ್ನ ಹೆಂಡತಿ ಸೇಯಿಲ್. "ಕಣ್ಣೀರು ಬರೋಕೆ ಅದು ಸಾಕು ನಿಂಗೆ."

ವಿಚಾರಣೆಗೆ ಬಂದವರು ಪ್ರಕೃತಿಯ ಆಟವೆಂದು ಬರೆದುಕೊಂಡು ಹೋದರು. ಬುರುಲ್ಚಾ ಒಪ್ಪಲಿಲ್ಲ. ಪೆಟ್ಟಿಗೆ ತನ್ನೊಳಗೆ ಬರೆದಿಟ್ಟುಕೊಂಡ ದಿನಚರಿಯಲ್ಲಿ ಒಂದು ಸಾಲು ಸಿಕ್ಕಿತ್ತು: ನೀರಳೆಯುವ ಅಂಗ ಓಗೊಡಲಿಲ್ಲ, ಮುಂದೆ ಹೋಗುತ್ತಿದ್ದೇನೆ. ಅಂದರೆ ಆ ದಿನವಿಡೀ ಪೆಟ್ಟಿಗೆ ಎಚ್ಚರವಾಗಿತ್ತು, ಹಸಿರು ದೀಪ ಉರಿಯುತ್ತಿತ್ತು. ಆದರೆ ಅದಕ್ಕೆ ಕಣ್ಣಿರಲಿಲ್ಲ. ಮಲಗುವ ಮುಂಚಿನ ಎತ್ತರವನ್ನೇ ಮತ್ತೆ ಮತ್ತೆ ಹೇಳುತ್ತಿತ್ತು. ಏಕೆ ಓಗೊಡಲಿಲ್ಲ? ನೆರೆ ಹೋದ ಮೇಲೂ ಪೆಟ್ಟಿಗೆ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿತ್ತು. ಅವಳು ನಾಲ್ಕು ಸಲ ಹೋಗಿ ಮಲಗಿಸಿ ಎಬ್ಬಿಸಿ ನೋಡಿದಳು. ನಾಲ್ಕು ಸಲವೂ ಮಧ್ಯಾಹ್ನ. ನಾಲ್ಕು ಸಲವೂ ಅಂಗ ಕೂಡಲೇ ಓಗೊಟ್ಟಿತು.

"ನಾನು ಬರೆದಿದ್ದು," ಎನ್ನುತ್ತಿದ್ದಳು ಊಟದ ಮುಂದೆ ಕುಳಿತು. "ಓಗೊಡದೋರಿಗೆ ಕಾಯ್ಬೇಡ ಅಂತ ನಾನೇ ಬರೆದಿದ್ದು. ಆದ್ರೆ ಅದ್ಯಾಕೆ ಓಗೊಡ್ಲಿಲ್ಲ, ತಾಯಕೆ? ಅಷ್ಟು ಗೊತ್ತಾದ್ರೆ ಸಾಕು."

ಅವಳಿಗೆ ಇನ್ನುಳಿದದ್ದು ನಾನು. ನನಗೆ ಅಕ್ಕನ ಕಡೆಯಿಂದ ಉಳಿದದ್ದು ಅವಳು. ನಾವಿಬ್ಬರೂ ಒಂದೇ ತಟ್ಟೆಯ ಅನ್ನವನ್ನು ನೋಡುತ್ತ ಕುಳಿತಿರುತ್ತಿದ್ದೆವು.

ನಲವತ್ತನೆಯ ದಿನ. ಅಂಗಳದಲ್ಲಿ ದೊಡ್ಡ ಬಾಣಲೆ ಇಟ್ಟು ಸೇಯಿಲ್ ಎಣ್ಣೆ ಕಾಯಿಸುತ್ತಿದ್ದಳು. ನೆರೆಮನೆಯ ಸೊಸೆ ಹಿಟ್ಟಿನ ತುಂಡುಗಳನ್ನು ಹಾಕಲು ಹೋದಳು.

"ಈಗ್ಲೇ ಬೇಡ," ಎಂದಳು ಸೇಯಿಲ್. "ಎಣ್ಣೆ ಸುಮ್ನಾಗ್ಲಿ. ಕಾಲಿಚಾ ಹೇಗೆ ಮಾಡ್ತಿದ್ಲು ಗೊತ್ತಲ್ಲ, ಗಂಡನ ಏಳು ಪಿತೃಗಳ ಹೆಸ್ರು ಒಂದ್ಸಲ ಹೇಳಿ ಆಮೇಲೆ ಹಾಕ್ತಿದ್ಲು. ಅವ್ಳಿಗೆ ಅವ್ನೇ ಕಲಿಸಿದ್ದು. ಅವ್ನ ಗಡಿಯಾರ ಅದೇ ತಾನೆ."

ನಾನು ಜಮಖಾನೆ ಹಾಸುತ್ತಿದ್ದೆ. ಕೈಯಲ್ಲಿದ್ದ ಅಂಚು ಜಾರಿತು.

ಅವನ ಗಡಿಯಾರ ಅದೇ. ಮೊಟ್ಟೆ ಬೇಯಿಸಲು ಏಳು ಹೆಸರು ಇಪ್ಪತ್ತು ಸಲ. ಬೆಸುಗೆ ಆರಲು ಅರ್ಧ, ತಿಲೆಕ್‌ವರೆಗೂ ಹೋಗುವುದು ಬೇಡ. ನಲವತ್ತು ವರ್ಷ ಕೇಳಿದ್ದೆ. ಈಗ ಹತ್ತು ವರ್ಷದ ಹಿಂದಿನ ಆ ಅಕ್ಟೋಬರ್ ಬೆಳಗು ಪೂರ್ತಿಯಾಗಿ ನನ್ನೆದುರು ಬಂದು ನಿಂತಿತು. ಅಂದು ನಾವು ಕೆರೆಯ ಬಳಿಯೇ ತಂಗಿದ್ದೆವು. ಬೆಳಿಗ್ಗೆ ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬಿಳಿಯಾಗಿತ್ತು. ನಾನು ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತ ಬೆನ್ನು ಹಾಕಿ ನಿಂತಿದ್ದೆ.

"ಭಾವ, ಯಂತ್ರಕ್ಕೂ ವಂಶ ಕಲಿಸ್ತಿದ್ದೀಯಾ? ಅದಕ್ಕೆ ಹೆಣ್ಣು ನೋಡೋ ವಿಚಾರ ಇದ್ಯಾ?" ಎಂದಿದ್ದೆ.

ಅವನು ನಕ್ಕಿದ್ದ. "ಒಳಗೆ ನೀರಳೆಯೋನು ಮುದುಕ ಕಣೋ. ಚಳಿಗೆ ಅವ್ನಿಗೆ ಏಳೋಕೆ ಹೊತ್ತು ಹಿಡಿಯತ್ತೆ. ತಕ್ಷಣ ಕೂಗಿದ್ರೆ ಓಗೊಡಲ್ಲ. ಏಳು ಹೆಸ್ರು ಹೇಳೋವರ್ಗೂ ಕಾದ್ರೆ ಎದ್ದಿರ್ತಾನೆ. ಸುಮ್ನೆ 'ಕಾಯಿ' ಅಂತ ಬರೆದಿಡಬಹುದಿತ್ತು. ಮುಂದೆ ಬರೋ ಬುದ್ಧಿವಂತ, ಇದ್ಯಾಕೆ ಸುಮ್ನೆ ಹೊತ್ತು ಹಾಳು ಅಂತ ಕಿತ್ತುಹಾಕ್ತಾನೆ. ಪಿತೃಗಳ ಹೆಸ್ರಿಟ್ರೆ ಯಾವ ಕಿರ್ಗಿಜ್ ತಾನೇ ಅಳಿಸ್ತಾನೆ ಹೇಳು?"

ನಾನು ಅದನ್ನು ಕೇಳಿದ್ದೆ. ಕಿವಿಯಿಂದ ಕೇಳಿದ್ದೆ. ಮನಸ್ಸು ಮಾತ್ರ ಸತ್ತವರ ಹೆಸರು ಕಬ್ಬಿಣದಲ್ಲಿರುವುದು ಪಾಪವೋ ಅಲ್ಲವೋ ಎಂದು ತನ್ನ ಪಾಡಿಗೆ ವಾದ ಹೂಡಿಕೊಂಡಿತ್ತು. ಇಷ್ಟು ದಿನ ದೇವರಿಗೆ ಹತ್ತಿರ ಎಂದುಕೊಂಡಿದ್ದ ಮನಸ್ಸಿನ ಜಾಗದಲ್ಲಿ ಕೇವಲ ನಾನೇ ತುಂಬಿಕೊಂಡು ನಿಂತಿದ್ದೆ.

ಹೇಳದೆ ಇರಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಬುರುಲ್ಚಾ ಮತ್ತೆ ನನ್ನ ಬಾಗಿಲಿಗೆ ಬರುವಳೇ ಎಂಬುದು ಗೊತ್ತಿರಲಿಲ್ಲ. ಅಂದು ಊರಿನವರ ನಡುವೆ ಕುಳಿತು ಅಕ್ಕನಿಗಾಗಿ ಓದಬೇಕಿತ್ತು. ಬಾಯಿ ತೆರೆದರೆ ಮೊದಲ ಸಾಲೇ ಬರಲಿಲ್ಲ. ಇನ್ನೊಬ್ಬರನ್ನು ಓದಲು ಕೂರಿಸಿ, ಎದ್ದು, ಅವಳನ್ನು ಹಿತ್ತಿಲಿಗೆ ಕರೆದೆ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಮುದುಕ, ಚಳಿ, ಏಳು ಹೆಸರು, ಯಾವ ಕಿರ್ಗಿಜ್ ಅಳಿಸುತ್ತಾನೆ ಎಂಬ ಮಾತು.

ಅವಳು ಬೇಲಿಯ ಮೇಲೆ ಕೈಯಿಟ್ಟು ಕೇಳಿದಳು.

"ಚಳಿ," ಎಂದಳು ಕೊನೆಗೆ. "ನಾವು ಮಧ್ಯಾಹ್ನ ಹೋಗ್ತಿದ್ವಿ."

"ಹೂಂ."

"ನೀವು ಅವತ್ತು ಪ್ರೀತಿಗೆ ಇಟ್ಟಿದಾನೆ ಅಂದ್ರಿ."

"ಅಂದೆ."

"ನಾನು ಕೇಳಿದ್ದೆ ನಿಮ್ಮನ್ನ, ತಾಯಕೆ. ಕೇಳಿದ್ದೆ."

"ಹೌದು, ನೀನು ಕೇಳಿದ್ದೆ ಮಗಳೇ."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಮನೆಯೊಳಗಿಂದ ಒಂದು ದನಿ ಎದ್ದಿತು. ನಲವತ್ತು ದಿನ ಕಟ್ಟಿಕೊಂಡಿದ್ದ ಅಳುವಿನ ಹಾಡು. ತಾಯಿಯ ಕೈ, ತಾಯಿಯ ಬಾಣಲೆ, ಆರು ಮರಿಗಳು, ಕುಯ್ದ ಹಗ್ಗ. ಮರುದಿನ ಅವಳು ಊರು ಬಿಟ್ಟಳು. ಚಳಿಗಾಲವಿಡೀ ಒಂದು ಮಾತೂ ಕಳಿಸಲಿಲ್ಲ.

ನಾನು ಐದು ಹೊತ್ತಿನ ನಮಾಜಿನಲ್ಲೂ ಕ್ಷಮೆ ಕೇಳಿದೆ. ದೇವರು ಕ್ಷಮಿಸುವವನು, ಅದು ನನಗೆ ಗೊತ್ತು. ಆದರೆ ನಾನು ಯಾರಿಗೆ ತಪ್ಪು ಮಾಡಿದ್ದೆನೋ ಅವರಲ್ಲಿ ಇಬ್ಬರು ಮಣ್ಣಿನಲ್ಲಿದ್ದರು, ಒಬ್ಬಳು ಮಾತು ಬಿಟ್ಟಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಕಂಡಿತು.

"ತಾಯಕೆ, ಕುದುರೆ ಬೇಕು."

ನಾನು ಎದ್ದು ನಿಂತೆ. ಎಷ್ಟು ದಿನಕ್ಕೆ ಎಂದು ಕೇಳಲಿಲ್ಲ. ತಡಿ ಹಾಕುತ್ತಿರುವಾಗ ಬೆನ್ನ ಹಿಂದಿನಿಂದ ಹೇಳಿದಳು, "ನೀವೂ ಬನ್ನಿ. ಕೆರೆ ಹತ್ರಾನೇ ತಂಗೋಣ. ಬೆಳಿಗ್ಗೆ ನೋಡ್ಬೇಕು."

ಕೆರೆಯ ಬಳಿ ಬೆಳಿಗ್ಗೆ ಹುಲ್ಲು ಬಿಳಿಯಾಗಿತ್ತು. ಬಿಸಿಲು ಇನ್ನೂ ಶಿಖರದ ತುದಿಯಲ್ಲಿತ್ತು. ಬುರುಲ್ಚಾ ಪೆಟ್ಟಿಗೆಯನ್ನು ಮಲಗಿಸಿ ಎಬ್ಬಿಸಿ, ನೀರಳೆಯುವ ಮುದುಕ ಏಳುವುದಕ್ಕೆ ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದಳು. ಆರು ಸೆಕೆಂಡು, ಒಮ್ಮೆ ಆರೂವರೆ. ಆಮೇಲೆ ನನ್ನ ಕಡೆ ತಿರುಗಿದಳು.

"ಅಪ್ಪ ಹೇಗೆ ಹೇಳ್ತಿದ್ರೋ ಹಾಗೇ ಹೇಳಿ."

ಹೇಳಿದೆ. ನಡುವೆ ತಡವರಿಸಿದೆ. ಮತ್ತೆ ಹೇಳಿ ಎಂದಳು. ಎರಡನೆಯ ಸಲ ತಡವರಿಸಲಿಲ್ಲ. ಗಡಿಯಾರ ಎಂಟು ಎಂದಿತು.

"ಒಂದೂವರೆ ಜಾಸ್ತಿ ಇಟ್ಟಿದ್ರು," ಎಂದಳು. "ಇನ್ನೂ ಚಳಿ ಇರೋ ದಿನಕ್ಕೆ."

ಅವಳು ಹಾಳೆಯನ್ನೇ ತಿದ್ದಿದಳು. ಹನ್ನೊಂದು ಪೆಟ್ಟಿಗೆಗಳಿಗೂ ಈಗ ಒಂದೇ ನಿಯಮ: ಎದ್ದ ಮೇಲೆ ಹತ್ತು ಸೆಕೆಂಡು ನಿಲ್ಲಬೇಕು, ಆಮೇಲೆ ಅಂಗಗಳನ್ನು ಕೂಗಬೇಕು, ಓಗೊಡದವರನ್ನು ಬಿಟ್ಟು ಮುಂದೆ ಹೋದರೆ ಹಸಿರು ದೀಪ ಉರಿಯಕೂಡದು. ಪಕ್ಕದಲ್ಲಿ ಏಕೆಂಬುದನ್ನೂ ಬರೆದಳು. ಚಳಿಯಲ್ಲಿ ನೀರಳೆಯುವ ಅಂಗ ತಡವಾಗಿ ಏಳುತ್ತದೆ, ಈ ಹೊತ್ತನ್ನು ತೆಗೆದ ವರ್ಷ ಒಬ್ಬರ ಜೀವ ಹೋಯಿತು. ಹೆಸರುಗಳನ್ನು ಬರೆಯಲಿಲ್ಲ. ನಾನು ಕೇಳಲೂ ಇಲ್ಲ.

ಕೊನೆಗೊಮ್ಮೆ ಮಲಗಿಸಿ ಎಬ್ಬಿಸಿದಳು. ಪರದೆ ಖಾಲಿಯಾಗಿ ಕಾಯುತ್ತಿತ್ತು. ಆ ಮೌನದಲ್ಲಿ ಅವಳ ತುಟಿ ಅಲುಗಿತು. ಮಗಳ ಎಣಿಕೆ ತಂದೆಯಿಂದ ಶುರುವಾಗುತ್ತದೆ. ಮೇಲಿನ ಹಳಬನೊಬ್ಬ ಸಾಲಿನಿಂದ ಇಳಿಯುತ್ತಾನೆ. ಸಬಿರ್ಕುಲ್. ಇಸಾಬೆಕ್. ಜಾಂತಾಯ್. ಮುರಾತಾಲಿ. ಬೋರುಬಾಯ್. ಚೋಮೋಯ್. ತಿಲೆಕ್.

ಏಳು ಮುಗಿದರೂ ಪೆಟ್ಟಿಗೆ ಇನ್ನೂ ಎರಡು ಸೆಕೆಂಡು ಕಾಯುತ್ತಿತ್ತು. ಏಳು ಪಿತೃಗಳ ಸಾಲಿನಲ್ಲಿ ಹೆಂಗಸರಿಗೆ ಜಾಗವಿಲ್ಲ, ಇದ್ದದ್ದೇ ಹಾಗೆ. ಆ ಉಳಿದ ಹೊತ್ತಿನಲ್ಲಿ ನಾನು ನನ್ನ ಅಕ್ಕನ ಹೆಸರು ಹೇಳಿದೆ. ಬುರುಲ್ಚಾ ನನ್ನ ಕಡೆ ನೋಡಲಿಲ್ಲ, ಸರಿಯಲೂ ಇಲ್ಲ. ಪರದೆಯ ಮೇಲೆ ಕೆರೆಯ ಎತ್ತರ ಮೂಡಿತು.